ಅಪ್ಪನ ಸಂತೆ ಚಸ್ಮಾ

“ಅಪ್ಪಾ, ಮುಂದ ಎತ್ತಿನ ಗಾಡಿ!”

ರೇಣಮ್ಮ ಕೂಗಿದ ಕೂಡಲೇ ಪರಮಣ್ಣ ಗಕ್ಕನೆ ಬ್ರೇಕ್ ತುಳಿದ. ಬಸ್ಸು ಮುಗ್ಗರಿಸಿ ನಿಂತಿತು. ಹಿಂದಿನಿಂದ ಯಾರದೋ ಗಂಟು ಉರುಳಿ ಬಂತು. ಬಳೆ ಮಾರುವ ಮುದುಕಿ ಕುಬ್ರಾಬೇಗಂ ತನ್ನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡಳು.

“ಯಾ ಅಲ್ಲಾ! ಪರಮಣ್ಣಾ, ಬಳಿ ಎಲ್ಲಾ ಚೂರಾದ್ರ ನಿನ್ನ ಹೆಂಡ್ತಿ ಕೈಗೆ ಏನ್ ಹಾಕ್ಲಿ?”

ಕಂಡಕ್ಟರ್ ಮರಿಲಿಂಗಪ್ಪ ನಕ್ಕ. “ಇವತ್ತು ನಮ್ಮ ಬಸ್ಸಿಗೆ ಇಬ್ಬರು ಡ್ರೈವರ್, ಬೇಗಂ. ಒಬ್ಬರು ಸ್ಟೇರಿಂಗ್ ಹಿಡೀತಾರ, ಒಬ್ಬರು ಒದರತಾರ.”

ಬಸ್ಸಿನಲ್ಲಿ ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅಂಗಿಯ ತುದಿಯಿಂದ ಚಸ್ಮಾ ಒರೆಸಿ ಮತ್ತೆ ಹಾಕಿಕೊಂಡ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದ ರೇಣಮ್ಮಳೂ ನಗಲಿಲ್ಲ.

ಅಷ್ಟು ದೊಡ್ಡ ಗಾಡಿ. ಮೇಲೆ ಮನೆಯೆತ್ತರ ಮೇವು. ಬೆಳ್ಳಂಬೆಳಗಿನ ಬಿಸಿಲು. ಆದರೂ ಅಪ್ಪನಿಗೆ ಅದು ಕಂಡಿರಲಿಲ್ಲ.

ಯಾಕೆ ಕಾಣಲಿಲ್ಲ ಎಂಬುದು ಆ ಬಸ್ಸಿನ ಪ್ರಯಾಣಿಕರಲ್ಲಿ ರೇಣಮ್ಮಳಿಗೆ ಮಾತ್ರ ಗೊತ್ತಿತ್ತು.

ಆ ಚಸ್ಮಾವನ್ನು ಅಪ್ಪ ಎರಡು ವರ್ಷದ ಹಿಂದೆ ಸುರಪುರದ ಸಂತೆಯಲ್ಲಿ ಕೊಂಡಿದ್ದ. ಅಂಗಡಿಯವನು ಬುಟ್ಟಿ ತುಂಬ ಚಸ್ಮಾ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಸೂಜಿ, ಒಂದು ದಾರ ಇಟ್ಟಿದ್ದ. ಯಾವುದನ್ನು ಹಾಕಿಕೊಂಡರೆ ಸೂಜಿಗೆ ದಾರ ಸಲೀಸಾಗಿ ಹೋಗುತ್ತದೋ ಅದೇ ನಿಮ್ಮ ಚಸ್ಮಾ. ಅಪ್ಪನೂ ಹಾಗೆಯೇ ಆರಿಸಿದ್ದ. ಬಸ್ಸಿನ ರಿಜಿಸ್ಟರ್ ಬರೆಯುವಾಗ ಹಾಕಿಕೊಳ್ಳುತ್ತಿದ್ದ. ಬರೆದಾದ ಮೇಲೆ ತೆಗೆದು ಜೇಬಿಗೆ ಸೇರಿಸುತ್ತಿದ್ದ.

ನಿಜಾಮರ ಆಳ್ವಿಕೆ ಹೋಗಿ ಆಗ ಮೂರು ವರ್ಷವಾಗಿತ್ತು. ಆಫೀಸುಗಳಲ್ಲಿ ಹೊಸ ಹೊಸ ಸಾಹೇಬರು ಬಂದಿದ್ದರು. ಮೊದಲು ಕಾಗದಗಳೆಲ್ಲ ಉರ್ದುವಿನಲ್ಲಿ ಇರುತ್ತಿದ್ದವು. ಅಪ್ಪ ತಾನೇ ಓದಿಕೊಳ್ಳುತ್ತಿದ್ದ. ಈಗ ಎಲ್ಲ ಇಂಗ್ಲಿಷು.

ಹೋದ ತಿಂಗಳು ಬಳ್ಳಾರಿ ಕಡೆಯ ಮೋಟಾರ್ ಇನ್‌ಸ್ಪೆಕ್ಟರ್ ಒಬ್ಬರು ಎಲ್ಲ ಡ್ರೈವರುಗಳ ಲೈಸೆನ್ಸ್ ನೋಡಿದ್ದರು. ಸಹಿ ಹಾಕಲು ಅಪ್ಪ ಜೇಬಿನಿಂದ ಚಸ್ಮಾ ತೆಗೆದ. ಸಾಹೇಬರು ಅದನ್ನು ನೋಡಿದರು, ಏನೂ ಕೇಳದೆ ಲೈಸೆನ್ಸಿನ ಮೇಲೆ ಕೆಂಪು ಮಸಿಯಲ್ಲಿ ಒಂದು ಸಾಲು ಬರೆದರು. ಶಾಲೆಯ ಹೆಡ್‌ಮಾಸ್ತರರು ಅದನ್ನು ಓದಿ ಹೇಳಿದರು.

“ಚಸ್ಮಾ ಹಾಕ್ಕೊಂಡೇ ಗಾಡಿ ಓಡಿಸಬೇಕಂತ, ಪರಮಣ್ಣ. ಇಲ್ಲಂದ್ರ ಲೈಸೆನ್ಸ್ ರದ್ದು.”

ಅಂದಿನಿಂದ ಅಪ್ಪ ಚಸ್ಮಾ ಹಾಕಿಕೊಂಡೇ ಬಸ್ಸು ಓಡಿಸುತ್ತಿದ್ದ.

ಎಂಟು ದಿನದ ಹಿಂದೆ ಅಪ್ಪ ಜಳಕಕ್ಕೆ ಹೋದಾಗ ರೇಣಮ್ಮ ಸುಮ್ಮನೆ ಅದನ್ನು ಹಾಕಿಕೊಂಡು ನೋಡಿದಳು. ಕೈಯಲ್ಲಿದ್ದ ಪುಸ್ತಕದ ಅಕ್ಷರಗಳು ಉಬ್ಬಿ ದಪ್ಪಗಾದವು. “ಆಹಾ!” ಎಂದುಕೊಂಡು ಅಂಗಳಕ್ಕೆ ಬಂದಳು. ಬೇವಿನ ಮರ ಹೊಗೆಯ ಹಾಗೆ ಕಂಡಿತು. ಬಾವಿಯ ಹತ್ತಿರ ಅವ್ವ ನಿಂತಿದ್ದಳು. ಅವ್ವನಿಗೆ ಮುಖವೇ ಇರಲಿಲ್ಲ.

ರೇಣಮ್ಮ ಹೆದರಿ ಚಸ್ಮಾ ಕಿತ್ತಳು.

“ಅಪ್ಪಾ, ಇದ್ರಾಗ ದೂರದ್ದು ಕಾಣಂಗಿಲ್ಲ,” ಎಂದಳು.

“ಅದು ನಿನ್ನ ಕಣ್ಣಿಗಲ್ಲವ್ವಾ.”

“ನಿನಗ ಕಾಣತೈತೇನು?”

ಅಪ್ಪ ತಲೆ ಒರೆಸಿಕೊಳ್ಳುತ್ತ ಆ ಕಡೆ ತಿರುಗಿದ. “ಸಾಹೇಬ್ರು ಬರದಾರ. ಬರದ ಮ್ಯಾಲೆ ಮುಗೀತು. ಇದನ್ನ ಯಾರ ಮುಂದೂ ಅನಬ್ಯಾಡ.”

ರೇಣಮ್ಮ ಯಾರ ಮುಂದೆಯೂ ಅನ್ನಲಿಲ್ಲ. ಆದರೆ ಅಂದಿನಿಂದ ದಿನಾ ಸಂಜೆ ಬಸ್ಸಿನ ಹಾರ್ನ್ ಕೇಳುವವರೆಗೆ ಅವಳು ಅಂಗಳ ಬಿಟ್ಟು ಒಳಗೆ ಹೋಗುತ್ತಿರಲಿಲ್ಲ. ಇವತ್ತು ಭಾನುವಾರ. ಯಾದಗಿರಿಯಲ್ಲಿ ಚಿಕ್ಕಮ್ಮ ಹಡೆದಿದ್ದಳು. ಕೂಸನ್ನು ನೋಡಬೇಕೆಂದು ಹಟ ಹಿಡಿದು ರೇಣಮ್ಮ ಬಸ್ಸು ಹತ್ತಿದ್ದಳು. ಹತ್ತಿದ ಮೇಲೆ ಅವಳಿಗೆ ಕೂಸಿನ ನೆನಪೇ ಆಗಲಿಲ್ಲ. ಕಣ್ಣೆಲ್ಲ ರಸ್ತೆಯ ಮೇಲೆ.

“ಚಸ್ಮಾ ತೆಗಿ ಅಪ್ಪಾ,” ಎಂದು ಮೆಲ್ಲಗೆ ಹೇಳಿದಳು.

“ಶಹಾಪುರ ಸ್ಟ್ಯಾಂಡಿನ್ಯಾಗ ಇವತ್ತು ಅದ ಸಾಹೇಬ್ರು ಚೆಕಿಂಗ್‌ಗೆ ಬಂದಾರ. ಸುಮ್ಮ ಕುಂದ್ರು.”

ಬಸ್ಸು ಒಂದು ಹಳ್ಳಿಯ ಹತ್ತಿರ ಬಂತು. ಅಲ್ಲಿ ರಸ್ತೆಯ ಮೇಲೆ ತೊಗರಿ ಕಟ್ಟಿಗೆ ಹರವಿದ್ದರು. ಸುಗ್ಗಿಯಲ್ಲಿ ಆ ದಾರಿಯ ತುಂಬ ಹೀಗೆಯೇ. ಗಾಡಿ, ಬಸ್ಸು ಅದರ ಮೇಲೆ ಹಾದುಹೋದರೆ ಕಾಯಿ ಒಡೆದು ಕಾಳು ತಾನೇ ಉದುರುತ್ತದೆ. ಡ್ರೈವರುಗಳು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ರೈತರೇ “ಹೊಡೀರಿ, ಹೊಡೀರಿ” ಎನ್ನುತ್ತಾರೆ.

ಅಪ್ಪನೂ ನಿಲ್ಲಿಸಲಿಲ್ಲ.

ರೇಣಮ್ಮ ನೋಡುತ್ತಿದ್ದಳು. ಕಂದು ಬಣ್ಣದ ಕಟ್ಟಿಗೆ. ಒಣಗಿದ ಎಲೆ. ಅದರ ನಡುವೆ ಏನೋ ಅಲುಗಿತು. ಕೋಳಿ ಇರಬಹುದು. ಅಲ್ಲ, ಕೋಳಿಗೆ ಕೈ ಇರುವುದಿಲ್ಲ. ಒಂದು ಪುಟ್ಟ ಕೈ ಮೇಲೆದ್ದು ಎಲೆ ತೂರಿತು.

“ಅಪ್ಪಾ! ಕೂಸು! ಕೂಸು ಐತಿ! ನಿಲ್ಲಸೋ ಅಪ್ಪಾ!”

ಟೈರು ಕಿರುಚಿತು. ಬಸ್ಸು ಅಡ್ಡಡ್ಡ ಜಾರಿತು. ಅಪ್ಪನ ಚಸ್ಮಾ ಮೂಗಿನಿಂದ ಹಾರಿ ರೇಣಮ್ಮಳ ಕಾಲ ಬಳಿ ಬಿತ್ತು. ಆಮೇಲೆ ಎಲ್ಲ ಸುಮ್ಮನಾಯಿತು.

ರೇಣಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ತೆರೆಯಲು ಧೈರ್ಯ ಬರಲಿಲ್ಲ. ಆಗ ಒಂದು ಸಣ್ಣ ಅಳು ಕೇಳಿಸಿತು. ಅಷ್ಟು ಚಂದದ ಅಳುವನ್ನು ಅವಳು ಎಂದೂ ಕೇಳಿರಲಿಲ್ಲ.

ಬಸ್ಸಿನ ಮೂತಿಯಿಂದ ಎರಡು ಮಾರು ಆಚೆ, ತೊಗರಿಯ ನಡುವೆ ಎರಡು ವರ್ಷದ ಕೂಸು ಕೂತು ಅಳುತ್ತಿತ್ತು. ಹೊಲದ ಕಡೆಯಿಂದ ಒಬ್ಬ ಹೆಂಗಸು ಓಡಿ ಬಂದು ಅದನ್ನು ಎತ್ತಿಕೊಂಡಳು. ಅದರ ಕೈ, ಕಾಲು, ತಲೆ ಎಲ್ಲ ತಡವಿ ನೋಡಿದಳು.

ಈ ಸಲ ಬಸ್ಸಿನಲ್ಲಿ ಯಾರೂ ನಗಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡು ಕೂತ. ಆಮೇಲೆ ಬಸ್ಸು ಹೊರಡಿಸಿದ. ಚಸ್ಮಾ ಎಲ್ಲಿ ಎಂದು ಕೇಳಲಿಲ್ಲ. ಕಾಲ ಬಳಿ ಬಿದ್ದಿದ್ದ ಅದನ್ನು ರೇಣಮ್ಮ ಎತ್ತಿಟ್ಟುಕೊಂಡಿದ್ದಳು. ಬಸ್ಸು ನೆಟ್ಟಗೆ ಹೋಯಿತು. ದೂರದಲ್ಲಿ ಕುರಿಹಿಂಡು ಬಂದರೆ, ರೇಣಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಹಾರ್ನ್ ಹೊಡೆದು ನಿಧಾನ ಮಾಡಿದ.

ಶಹಾಪುರದ ಮನೆಗಳು ಕಂಡವು. “ಪರಮಣ್ಣ, ಚಸ್ಮಾ!” ಎಂದ ಮರಿಲಿಂಗಪ್ಪ. “ಸಾಹೇಬ್ರು ಅಲ್ಲೇ ನಿಂತಾರ ನೋಡು.”

ಅಪ್ಪ ಎಡಗೈ ಚಾಚಿದ. “ಕೊಡವ್ವಾ.”

ರೇಣಮ್ಮ ಚಸ್ಮಾವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

“ಕೊಡು ರೇಣಿ. ಲೈಸೆನ್ಸ್ ಹೋದ್ರ ನಾಳಿಗೆ ಉಣ್ಣೋದೇನು?”

ಅವಳು ಕೊಡಲಿಲ್ಲ. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು. ಖಾಕಿ ಟೋಪಿಯ ಸಾಹೇಬರು ಡ್ರೈವರ್ ಬಾಗಿಲ ಹತ್ತಿರ ಬಂದು ಅಪ್ಪನ ಮುಖ ನೋಡಿದರು.

“ಚಸ್ಮಾ ಎಲ್ಲಿ? ನಾನು ಬರೆದದ್ದು ಮರೆತು ಹೋಯಿತೇ?”

ರೇಣಮ್ಮ ಸೀಟಿನಿಂದ ಇಳಿದು, ಸುತ್ತಿ ಬಂದು ಸಾಹೇಬರ ಮುಂದೆ ನಿಂತಳು. ಮುಷ್ಟಿ ಬಿಚ್ಚಿದಳು.

“ಇಲ್ಲಿ ಐತ್ರಿ. ನೀವು ಒಮ್ಮೆ ಹಾಕ್ಕೊಂಡು ನೋಡ್ರಿ ಸಾಹೇಬ್ರ.”

“ನಾನೇ?”

“ಹೌದ್ರಿ. ಹಾಕ್ಕೊಂಡು ಆ ಗುಡ್ಡ ನೋಡ್ರಿ.”

ಸಾಹೇಬರಿಗೆ ಸಿಟ್ಟು ಬಂದಿತ್ತು. ಆದರೆ ಹುಡುಗಿ ಚಾಚಿದ ಕೈ ಕೆಳಗಿಳಿಸದ್ದನ್ನು ನೋಡಿ ಚಸ್ಮಾ ತೆಗೆದುಕೊಂಡರು. ಹಾಕಿಕೊಂಡು, ಊರಿನ ಆಚೆ ಮನುಷ್ಯ ಮಲಗಿದ ಹಾಗೆ ಕಾಣುವ ಗುಡ್ಡದ ಕಡೆ ತಿರುಗಿದರು. ತೆಗೆದರು. ಮತ್ತೆ ಹಾಕಿಕೊಂಡರು.

“ಇದನ್ನು ಯಾವ ಡಾಕ್ಟರು ಕೊಟ್ಟರು?”

“ಸಂತ್ಯಾಗ ತಗೊಂಡೇನ್ರಿ,” ಎಂದ ಅಪ್ಪ. “ಸೂಜಿಗೆ ದಾರ ಪೋಣಿಸಿ ನೋಡಿದ್ದೆರಿ.”

“ಇದು ಓದುವ ಚಸ್ಮಾ ಮಾರಾಯ! ಇದನ್ನು ಹಾಕಿಕೊಂಡು ತಿಂಗಳಿಂದ ಬಸ್ಸು ಓಡಿಸಿದೆಯಾ?”

“ನೀವು ಬರೆದಿದ್ರಲ್ರಿ.”

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ಬರೆದೆ. ಕೇಳದೇ ಬರೆದೆ,” ಎಂದರು. “ಗುಲ್ಬರ್ಗಾ ದವಾಖಾನೆಯಲ್ಲಿ ಕಣ್ಣು ತೋರಿಸು. ದೂರಕ್ಕೆ ಚಸ್ಮಾ ಬೇಕೋ ಬೇಡವೋ ಅವರು ಚೀಟಿ ಕೊಡುತ್ತಾರೆ. ಅದು ಬಂದ ದಿನ ನಾನೇ ಹೊಸದಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬೇಡ.”

ಬೇರೆ ಡ್ರೈವರ್ ಬಂದು ಬಸ್ಸು ಹತ್ತಿದ. ಅಪ್ಪ ಹಿಂದಿನ ಬಾಗಿಲಿನಿಂದ ಹತ್ತಿದ. ಅಪ್ಪ ಆ ಬಾಗಿಲಿನಿಂದ ಹತ್ತಿದ್ದನ್ನು ರೇಣಮ್ಮ ಎಂದೂ ನೋಡಿರಲಿಲ್ಲ. ಕುಬ್ರಾಬೇಗಂ ಪೆಟ್ಟಿಗೆ ಸರಿಸಿ, “ಬಾ ಪರಮಣ್ಣಾ, ಕುಂದ್ರು. ಬಾ ಬೇಟಿ,” ಎಂದು ಜಾಗ ಕೊಟ್ಟಳು.

ಬಸ್ಸು ಯಾದಗಿರಿಯ ದಾರಿ ಹಿಡಿಯಿತು. ಅಪ್ಪ ಬೈಯುತ್ತಾನೆ ಎಂದು ರೇಣಮ್ಮ ತಲೆ ಬಗ್ಗಿಸಿ ಕಾದಳು. ಅಪ್ಪ ಬೈಯಲಿಲ್ಲ. ತಿರುವು ಬಂದಾಗಲೆಲ್ಲ ಅವನ ಬಲಗಾಲು ಸುಮ್ಮನೆ ನೆಲವನ್ನು ಒತ್ತುತ್ತಿತ್ತು.

ಎರಡು ತಿರುವು ದಾಟಿದ ಮೇಲೆ ಅಪ್ಪ ಕೇಳಿದ, “ನೀ ಕೂಸನ್ನ ನೋಡಿದಾಗ ಅದು ಎಷ್ಟು ದೂರ ಇತ್ತವ್ವಾ?”

ರೇಣಮ್ಮ ಕಿಟಕಿಯಿಂದ ತೋರಿಸಿದಳು. “ಅಗೋ, ಆ ಜಾಲಿಗಿಡದಷ್ಟು.”

ಅಪ್ಪ ಜಾಲಿಗಿಡ ಹತ್ತಿರ ಬಂದು ಹಿಂದೆ ಸರಿಯುವವರೆಗೆ ನೋಡಿದ.

“ನನಗ ಬಸ್ಸು ನಿಂತ ಮ್ಯಾಲೆ ಕಂಡಿತು,” ಎಂದ. “ತಿಂಗಳಿಂದ ಹಿಂಗ ಐತಿ. ದಿನಾ ಮನಿಗೆ ಬಂದ ಮ್ಯಾಲೆ ಉಸಿರು ಬಿಡ್ತಿದ್ದೆ.”

ರೇಣಮ್ಮ ತಲೆ ಎತ್ತಿ ಅಪ್ಪನನ್ನು ನೋಡಿದಳು. ಇಷ್ಟು ದಿನ ಅಂಜಿಕೊಂಡು ಕೂತವಳು ತಾನೊಬ್ಬಳೇ ಎಂದುಕೊಂಡಿದ್ದಳು. ಅಪ್ಪನ ಕೈ ಮುಟ್ಟಿದಳು. ಅಂಗೈ ಇನ್ನೂ ಒದ್ದೆಯಾಗಿತ್ತು.

ಮುಂದೆ ಇನ್ನೊಂದು ತಿರುವು ಬಂತು. ಅಪ್ಪನ ಕಾಲು ನೆಲವನ್ನು ಒತ್ತಿತು. ಪಕ್ಕದಲ್ಲಿ ರೇಣಮ್ಮ ತನ್ನ ಪುಟ್ಟ ಕಾಲನ್ನೂ ಒತ್ತಿದಳು.