ಸೋತವರ ಗಾಣ

ಪುಷ್ಯದ ಚಳಿ ಬಿಟ್ಟಿರಲಿಲ್ಲ. ಆಲೆಮನೆಯ ಒಲೆ ಮಾತ್ರ ನಸುಕಿನಲ್ಲೇ ಹೊತ್ತಿಕೊಂಡಿತ್ತು. ಎತ್ತುಗಳು ಸುತ್ತುತ್ತಿದ್ದವು. ಗಾಣದ ಬಾಯಿಗೆ ಕಬ್ಬು ಕೊಡುತ್ತ ಜಡೆಪ್ಪ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ: “ಚಡುಗುಡು ಚಡುಗುಡು ಚಡುಗುಡು...”

“ಏನಲೇ ಅದು? ಗಂಟಲಾಗ ಕಡುಬು ಸಿಕ್ಕಂಗ!” ಕಬ್ಬಿನ ಹೊರೆ ಇಳಿಸುತ್ತ ಜಂಬಕ್ಕ ಅತ್ತೆ ನಕ್ಕಳು. “ನಾವು ಹುತುತು ಅಂತಿದ್ವಿ.”

“ಹಂಗಂದ್ರ ಔಟು, ಅತ್ತಿ. ಹೈಸ್ಕೂಲ್ ಮ್ಯಾಚಿಗೆ ಮದ್ರಾಸಿನಿಂದ ಹೊಸ ರೂಲು ಬಂದೈತಿ. ಚಡುಗುಡು ಅಂತನ ಅನಬೇಕು.”

“ಹಂಗಾರ ಮದ್ರಾಸಿನೋರ ಬಂದು ಆಡ್ಲಿ ಬಿಡು!”

ಈಗ ಕಬಡ್ಡಿ ಎನ್ನುತ್ತೇವಲ್ಲ, ಅದೇ ಆಟ. ಆಗಿನ್ನೂ ಡ್ಯಾಂ ಇರಲಿಲ್ಲ; ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಬಸವಣ್ಣ ಕಾಲುವೆಯ ನೀರಿಗೆ ಹೊಸಪೇಟೆಯ ಸುತ್ತ ಕಬ್ಬು ಆಳೆತ್ತರ ಬೆಳೆಯುತ್ತಿತ್ತು. ಪ್ರತಿ ವರ್ಷ ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿಯ ಹುಡುಗರು ರೈಲಿನಲ್ಲಿ ಬಂದು ಹೈಸ್ಕೂಲಿನ ಮೈದಾನದಲ್ಲಿ ಆಡುತ್ತಿದ್ದರು. ಕಪ್ಪೂ ಇರಲಿಲ್ಲ, ಪದಕವೂ ಇರಲಿಲ್ಲ. ಒಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಎಲ್ಲರೂ ಜಡೆಪ್ಪನ ಅಪ್ಪನ ಆಲೆಮನೆಗೆ ಬರಬೇಕು. ಎತ್ತುಗಳನ್ನು ಬಿಚ್ಚಿ ಸೋತವರು ಗಾಣ ತಿರುಗಿಸಬೇಕು. ಗೆದ್ದವರು ಕೂತು ಕಬ್ಬಿನ ಹಾಲು ಕುಡಿಯಬೇಕು.

ಹೋದ ವರ್ಷ ತಿರುಗಿಸಿದವರು ಹೊಸಪೇಟೆಯವರು. ಈ ವರ್ಷ ಹಂಗಾಗಬಾರದು ಎಂದು ಜಡೆಪ್ಪ ಹಲ್ಲು ಕಚ್ಚಿದ್ದ.

ಅಂದು ಸಂಜೆಯ ಹೊತ್ತಿಗೆ ಮೈದಾನದಲ್ಲಿ ಎರಡೂ ಕಡೆಯ ಅಂಕ ಸಮನಾಯಿತು. ಕೊನೆಯ ಸರದಿ ಜಡೆಪ್ಪನದು.

“ಹುಷಾರಲೇ, ಬಾಯಿ ಜಾರೀತು!” ಎಂದ ಹೊಸಪೇಟೆಯ ಕ್ಯಾಪ್ಟನ್ ಪುರಂದರ.

ಜಡೆಪ್ಪ “ಚಡುಗುಡು” ಎನ್ನುತ್ತ ನುಗ್ಗಿ ಒಬ್ಬನನ್ನು ಮುಟ್ಟಿದ. ತಿರುಗುವಷ್ಟರಲ್ಲಿ ಬಳ್ಳಾರಿಯ ಹಾಲಸ್ವಾಮಿ ಎಂಬ ಗಟ್ಟಿ ಹುಡುಗ ಅವನ ಸೊಂಟ ಹಿಡಿದ. ಇಬ್ಬರೂ ಧೂಳಿನಲ್ಲಿ ಬಿದ್ದರು. ಉಸಿರು ತೀರುತ್ತ ಬಂತು. ಗೆರೆ ಅಲ್ಲೇ ಇತ್ತು. ಜಡೆಪ್ಪ ತೆವಳಿ ಕೈ ಚಾಚಿದ. ಆಗ ಅವನ ಬಾಯಿಂದ ಬಂದದ್ದು, “ಹುತುತುತು...”

ಕೈ ಗೆರೆ ಮುಟ್ಟಿತು. ಕೂಗಾಟದಲ್ಲಿ ಡ್ರಿಲ್ ಮಾಸ್ತರರಿಗೆ ಮಾತು ಕೇಳಿಸಲಿಲ್ಲ. “ಹೊಸಪೇಟೆ!” ಎಂದು ಸೀಟಿ ಊದಿಬಿಟ್ಟರು.

ಕೇಳಿಸಿದ್ದು ಹಾಲಸ್ವಾಮಿಗೆ. ಅವನ ಕಿವಿ ಜಡೆಪ್ಪನ ಬಾಯಿಯ ಹತ್ತಿರವೇ ಇತ್ತು. ಅವನು ಜಡೆಪ್ಪನ ಮುಖ ನೋಡಿದ. ಎದ್ದು ಮಣ್ಣು ಕೊಡವಿಕೊಂಡ. ಮಾಸ್ತರರ ಕಡೆ ಹೋಗದೆ ತನ್ನವರ ಜೊತೆ ಸೇರಿಕೊಂಡ.

ಆಲೆಮನೆಯಲ್ಲಿ ಬಳ್ಳಾರಿಯವರು ಗಾಣದ ಮರಕ್ಕೆ ಹೆಗಲು ಕೊಟ್ಟರು.

“ಜಲ್ದಿ, ಜಲ್ದಿ! ಮೇವು ಹಾಕ್ಬೇಕೇನ್ರಿ?” ಪುರಂದರ ಛೇಡಿಸಿದ. ಎಲ್ಲರೂ ನಕ್ಕರು. ಹಾಲಸ್ವಾಮಿಯೂ ನಕ್ಕ.

ಜಂಬಕ್ಕ ಮೊದಲ ಲೋಟ ತುಂಬಿ ಜಡೆಪ್ಪನಿಗೆ ಕೊಟ್ಟಳು. “ಕುಡಿ ನಮ್ಮಪ್ಪಾ, ಗೆದ್ದು ಬಂದೀ.”

ಜಡೆಪ್ಪ ಲೋಟವನ್ನು ತುಟಿಗೆ ಹಚ್ಚಿದ. ಹಾಲಸ್ವಾಮಿ ಬೆವರುತ್ತ ಮುಂದೆ ಹಾಯ್ದು ಹೋದ. ಸುತ್ತಿ ಮತ್ತೆ ಬಂದ.

ಜಡೆಪ್ಪ ಕುಡಿಯದೆಯೇ ಲೋಟ ಕೆಳಗಿಟ್ಟು ಎದ್ದ. ಹಾಲಸ್ವಾಮಿಯ ಪಕ್ಕದಲ್ಲಿ ಮರಕ್ಕೆ ಹೆಗಲು ಕೊಟ್ಟ.

“ಲೇ ಜಡ್ಯಾ, ಗೆದ್ದೋರು ನಾವು! ತಲಿ ತಿರುಗೇತೇನು?” ಪುರಂದರ ಕೂಗಿದ.

ಜಡೆಪ್ಪ ಮರವನ್ನು ಮುಂದಕ್ಕೆ ನೂಕಿದ.

“ನಮ್ಮ ಮನ್ಯಾಗೂ ಹುತುತು ಅಂತಾರ,” ಹಾಲಸ್ವಾಮಿ ಮೆಲ್ಲಗೆ ಅಂದ. “ನನ್ನ ಬಾಯಾಗೂ ಅದ ಬರ್ತೈತಿ. ಅದಕ್ಕ ಸುಮ್ನಾದೆ.”

“ಗೊತ್ತಾತು. ಸ್ವಲ್ಪ ಅತ್ತಾಗ ಸರಿ.”

ಇಬ್ಬರೂ ನೂಕಿದರು. ಕೆಳಗಿನ ಕೊಡಕ್ಕೆ ಹಾಲು ದಪ್ಪಗೆ ಸುರಿಯಿತು.

“ಸಾಕು, ಹೋಗಿ ಕುಂದ್ರು,” ಎಂದ ಹಾಲಸ್ವಾಮಿ.

“ನನ್ನ ಬಾಕಿ ಇನ್ನೂ ತೀರಿಲ್ಲ,” ಎಂದು ಜಡೆಪ್ಪ ಮತ್ತೊಂದು ಸುತ್ತಿಗೆ ಕಾಲು ಊರಿದ.