ಸುಣ್ಣನಿಗೆ ಎರಡು ಬಾಗಿಲು

"ಆ ಬೆಕ್ಕನ್ನ ಈಗಲೇ ಹೊರಗೆ ಬುಡ್ತೀರೋ, ಇಲ್ಲ ನಾನೇ ಬಾಗಿಲು ಮುರೀಲೋ?"

ಬೆಳ್ಳಂಬೆಳಗ್ಗೆ ಗಡಿಯೂರು ಪೆರಿಕಲ್ಲೂರಿನ ಹೊಳೆದಂಡೆಯ ಮನೆಯಂಗಳದಲ್ಲಿ ಈ ಡೈಲಾಗ್ ಸಿಡಿಯಿತು. ಹೀರೋ ಎಂಟ್ರಿ ಎಂದರೆ ಹಿಂದಿನಿಂದ ಗಾಳಿ ಬೀಸಿ ಕೂದಲು ಹಾರಬೇಕು. ಇಲ್ಲಿ ಗಾಳಿಯೇನೋ ಬೀಸಿತು... ಆದರೆ ಪಕ್ಕದ ಮನೆಯ ಒಣಮೀನಿನ ವಾಸನೆಯನ್ನು ಹೊತ್ತು ತಂದಿತು!

ಅರ್ಚನಾ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ ನೋಡಿದಳು. ಮಡಚಿ ಕಟ್ಟಿದ ಮುಂಡು, ಕೈಯಲ್ಲಿ ಟಾರ್ಚು, ಕಣ್ಣಲ್ಲಿ ಬೆಂಕಿ.

'ಯಾರಪ್ಪಾ ಇವನು? ಕೋಪದಲ್ಲೂ ಇಷ್ಟು ಚೆಂದ ಇದ್ದಾನೆ... ಛೀ, ಸುಮ್ಮನಿರು ಮನಸೇ!'

"ಯಾರು ನೀವು?"

"ಮರಕ್ಕಡವಿನ ಗಿರೀಶ. ಕಾಡುಪ್ರಾಣಿ ಕಾವಲು ಸಂಘದವನು. ಚಿರತೆ ಆಡು ಹೊತ್ಕೊಂಡು ಹೋಯ್ತು ಅಂತ ನೀವೇ ಕೂಡು ಇಟ್ಟು ಹಿಡಿಯೋಕೆ ಹೊರಟ್ರಾ? ಅದೂ ಜೀವ ಇರೋ ಬೆಕ್ಕಿನ ಆಸೆ ತೋರಿಸಿ! ನಾಚಿಕೆ ಆಗಲ್ವಾ?"

ಅವನ ತಪ್ಪು ಕೂಡ ಈ ಸೀಮೆಯದೇ. ಇಲ್ಲಿ ಹುಲಿ, ಚಿರತೆ ಊರೊಳಗೆ ಬಂದರೆ ಅರಣ್ಯದವರು ಕಬ್ಬಿಣದ ಬೋನು ತಂದಿಡುತ್ತಾರೆ. ಜನರ ಬಾಯಲ್ಲಿ ಅದೇ ಕೂಡು. ಒಳಖಾನೆಯಲ್ಲಿ ಆಡೋ ನಾಯಿಯೋ ಇರುತ್ತದೆ, ಹೊರಖಾನೆಗೆ ಚಿರತೆ ನುಗ್ಗಿದರೆ ಬಾಗಿಲು ಧಡ್ ಎಂದು ಬೀಳುತ್ತದೆ. ಅರ್ಚನಾ ಕಟ್ಟಿದ ಜಾಲರಿ ಗೂಡಿಗೂ ಎರಡು ಬಾಗಿಲು, ಒಳಗೊಂದು ಬೆಳ್ಳನೆಯ ಬೆಕ್ಕು!

"ಇವನ ಹೆಸರು ಸುಣ್ಣ," ಅರ್ಚನಾಳ ದನಿ ನಡುಗಲಿಲ್ಲ. "ಹುಟ್ಟು ಕಿವುಡ. ನಾಯಿ ಬೊಗಳಿದ್ರೂ ಕೇಳಲ್ಲ, ಜೀಪು ಬಂದ್ರೂ ಕೇಳಲ್ಲ. ಅದಕ್ಕೇ ಮನೆಯಿಂದ ಹೊರಗೇ ಬಿಟ್ಟಿರಲಿಲ್ಲ. ದಿನಾ ಕಿಟಕೀಲಿ ಕೂತು ಹೊಳೆ ಕಡೆ ನೋಡ್ಕೊಂಡು ಅಳೋನು. ಅವನೂ ಹುಲ್ಲು ಮುಟ್ಲಿ, ಬಿಸಿಲು ಕಾಯಿಸ್ಕೊಳ್ಳಲಿ ಅಂತ ನಾನೇ ಕಟ್ಟಿದ್ದು. ಒಂದು ಬಾಗಿಲು ಮುಚ್ಚಿ ಆಮೇಲೆ ಇನ್ನೊಂದು ತೆಗೆದ್ರೆ, ನಾವು ಒಳಗೆ ಹೋಗುವಾಗ ಅವನು ಚಂಗನೆ ತಪ್ಪಿಸ್ಕೊಳ್ಳಲ್ಲ. ಸಾಕಾ, ಇನ್ನೂ ಬೈಯೋದಿದೆಯಾ?"

ಗಿರೀಶನ ಮುಖ ಸುಟ್ಟ ಬದನೆಕಾಯಿಯಾಯಿತು.

"ಅಯ್ಯೋ... ಫೋಟೋ ಆಗಲೇ ಗ್ರೂಪಿಗೆ ಹಾಕ್ಬಿಟ್ಟೆ."

ಮುಗಿಯಿತು! ಅವನು ಅಳಿಸುವಷ್ಟರಲ್ಲಿ ಫೋಟೋ ಕಡವಿನಲ್ಲಿ ದೋಣಿ ಹತ್ತಿ, ಹೊಳೆ ದಾಟಿ, ಆಚೆ ದಡದ ಚಹಾ ಅಂಗಡಿಗೂ ಹೋಗಿತ್ತು. 'ಬೆಕ್ಕು ಕಟ್ಟಿ ಚಿರತೆ ಬೇಟೆ!' ಮರುದಿನ ಫಾರೆಸ್ಟರ್ ಬರುತ್ತಾರೆ ಎಂಬ ಸುದ್ದಿಯೂ ಬಂತು.

ತಾಯಿ ಇಂದ್ರಮ್ಮ ಅಂಗಳದಲ್ಲೇ ಕುಸಿದು ಕೂತರು. "ಜೀಪು ಬರಾದ್ರೊಳಗೆ ಅದ ಕಿತ್ತಾಕು ಕಣವ್ವ. ಬೆಕ್ಕ ಬತ್ತೇರಿ ಪ್ಯಾಟೆ ಚಿಕ್ಕಮ್ಮನ ಮನೆಗೆ ಕಳಿಸ್ಬುಡುವ. ಅವಳ ಮನೆ ಮೂರ್ನೇ ಮಾಡಿ ಮೇಲದೆ. ಅಲ್ಲಿ ಚಿರ್ತೆನೂ ಇಲ್ಲ, ನಾಯಿನೂ ಇಲ್ಲ."

"ಹುಲ್ಲೂ ಇಲ್ಲ, ಬಿಸಿಲೂ ಇಲ್ಲ ಅವ್ವ!"

"ಮಾನ ಇದ್ರೆ ತಾನೆ ಬಿಸ್ಲು!"

ಅರ್ಚನಾ ಕಟ್ಟರ್ ಕೈಗೆತ್ತಿಕೊಂಡು ಗೂಡಿನ ಮುಂದೆ ನಿಂತಳು. ಊರಿನ ಅರ್ಧ ಕೋಳಿಗೂಡುಗಳು ಅವಳ ಕೈಯಲ್ಲೇ ಬೆಸುಗೆಯಾದವು. ಆದರೆ ಇಷ್ಟು ಪ್ರೀತಿಯಿಂದ ಯಾವುದನ್ನೂ ಕಟ್ಟಿರಲಿಲ್ಲ. ಒಳಗೆ ಸುಣ್ಣ ಹಲಸಿನ ಕೊಂಬೆಯ ಮೇಲೆ ಮಲಗಿ, ಹೊಳೆಗಾಳಿಗೆ ಮೂಗು ಒಡ್ಡಿ, ಕಣ್ಣು ಮುಚ್ಚಿದ್ದ. ಕೇಳಿಸದ ಲೋಕವನ್ನು ಅವನು ಮೂಗಿನಲ್ಲೇ ಓದುತ್ತಿದ್ದ...

ಅವಳು ಕಟ್ಟರ್ ಕೆಳಗಿಟ್ಟಳು. 'ಬರಲಿ. ಯಾರಾದರೂ ಬರಲಿ. ನಾನು ಕಟ್ಟಿದ್ದನ್ನು ನಾನೇ ಕೀಳಲ್ಲ!'

ಸಂಜೆ ಹಿತ್ತಿಲ ಬೇಲಿಯ ಬಳಿ ಯಾರೋ ಕೆಮ್ಮಿದರು.

"ಅರ್ಚನಾ... ಸಾರಿ."

"ಬೈದಿದ್ದು ಊರಿಗೆಲ್ಲ ಕೇಳಿಸ್ತು. ಸಾರಿ ಮಾತ್ರ ಹಿತ್ತಿಲಲ್ಲಾ?"

ಅವನು ತಲೆ ಕೆರೆದುಕೊಂಡು ಹೋದ. ಅವಳಿಗೆ ಸಿಟ್ಟು ಉಳಿಯಬೇಕಿತ್ತು... ಉಳಿಯಲಿಲ್ಲ. 'ಅವನು ಬೈದದ್ದು ಯಾರಿಗೋಸ್ಕರ? ಗುರುತೇ ಇಲ್ಲದ ಒಂದು ಬೆಕ್ಕಿಗೋಸ್ಕರ! ಅಷ್ಟು ಜೀವ ಇಟ್ಟು ಯಾರು ಬೈತಾರೆ?'

ಮರುದಿನ ಅಂಗಳದಲ್ಲಿ ಜಾತ್ರೆ. ಫಾರೆಸ್ಟರ್ ವೇಲಾಯುಧನ್ ಗೂಡಿಗೆ ಸುತ್ತು ಬಂದರು. ಮಲಯಾಳಂ ಬೆರೆಸಿದ ಕನ್ನಡದಲ್ಲಿ ಗಂಭೀರವಾಗಿ ಕೇಳಿದರು. "ಮೋಳೇ... ಮಗಳೇ, ಎರಡು ಬಾಗಿಲು ಎಂದಿನಾ? ಯಾಕೆ?"

ಅರ್ಚನಾ ಬಾಯಿ ತೆರೆಯುವ ಮುಂಚೆಯೇ ಜನರನ್ನು ಸರಿಸಿಕೊಂಡು ಒಬ್ಬ ಬಂದ. ಗಿರೀಶ! ಮೊದಲ ಬಾಗಿಲು ತೆರೆದು ನುಸುಳಿದ, ಮುಚ್ಚಿದ. ಎರಡನೆಯದು ತೆರೆದು ಒಳಹೋಗಿ, ಮುಚ್ಚಿ, ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಎಲ್ಲಾರೂ ಸರಿಯಾಗಿ ನೋಡಿ! ಇದು ಕೂಡಾಗಿದ್ರೆ ಬಾಗಿಲು ತಾನಾಗೇ ಬೀಳಬೇಕಿತ್ತು. ಬಿತ್ತಾ? ಚಿಲಕ ನಾನೇ ಹಾಕಿದ್ದು, ನಾನೇ ತೆಗೀಬಹುದು. ಈ ಊರಲ್ಲಿ ಬೇಲಿ, ಬಲೆ ಎಲ್ಲಾ ಪ್ರಾಣಿ ಒಳಗೆ ಬರಬಾರದು ಅಂತ ಕಟ್ತಾರೆ. ಇವರು ಒಂದು ಪ್ರಾಣಿ ಹೊರಗೆ ಬರಲಿ ಅಂತ ಕಟ್ಟಿದ್ದಾರೆ! ಅದು ಅರ್ಥ ಆಗದೆ ಫೋಟೋ ಹಾಕಿದ ಕೋತಿ ನಾನೇ. ಕ್ಷಮಿಸಿ ಅರ್ಚನಾ!"

"ಕೋತಿ ಕೂಡಿಗೆ ಬಿತ್ತು ಕಣ್ರಪ್ಪೋ!" ಎಂದು ಹಿಂದಿನಿಂದ ಪಕ್ಕದ ಮನೆಯ ಕಾಳನ್ ಕೂಗಿದ. ಅಂಗಳವೆಲ್ಲ ನಕ್ಕಿತು. ಸುಣ್ಣ ಮಾತ್ರ ಕೊಂಬೆಯಿಂದಿಳಿದು ಗಿರೀಶನ ತೊಡೆಯೇರಿ ಮಲಗಿದ.

ವೇಲಾಯುಧನ್ ಜಾಲರಿ ಅಲುಗಿಸಿ ನೋಡಿದರು. "ಕೂಡಲ್ಲ, ಇದು ಮನೆ. ಆದ್ರೆ ಚಿರತೆಗೆ ಈ ಜಾಲರಿ ಸಾಲದು. ಬೆಕ್ಕೊಂದನ್ನೇ ಬಿಡಬೇಡ, ಕತ್ತಲಾಗೋ ಮುಂಚೆ ಒಳಗೆ ಕರ್ಕೋ."

"ನಾನು ಪಕ್ಕದಲ್ಲಿದ್ದಾಗ ಮಾತ್ರ ಸಾರ್. ಬಿಸಿಲು ಇಳಿಯೋ ಮೊದಲೇ ಮನೆಯೊಳಗೆ."

ತಕ್ಷಣ ಇಂದ್ರಮ್ಮ ಸೆರಗು ಬಿಗಿದು ಎದ್ದರು. "ನನ್ ಮಗಳು ಒಬ್ಳೇ ಕಟ್ಟಿದ್ದು, ತಿಳೀತಾ? ಬತ್ತೇರಿಗೂ ಇಲ್ಲ, ಎಲ್ಲಿಗೂ ಇಲ್ಲ. ಸುಣ್ಣ ಇಲ್ಲೇ ಇರ್ತಾನೆ!"

ಅರ್ಚನಾಳ ಎದೆ ಉಬ್ಬಿತು. ಕಣ್ಣು ತುಂಬಿತು.

ಜನ ಕರಗಿದರು. ಜೀಪು ಹೋಯಿತು. ಗಿರೀಶ ಮಾತ್ರ ಕೂತೇ ಇದ್ದ.

"ಹೊರಗೆ ಬರಲ್ವಾ?"

"ಬೆಕ್ಕು ಮಲಗಿದೆ. ಎಬ್ಬಿಸೋಕೆ ಮನಸ್ಸು ಬರ್ತಿಲ್ಲ..." ಅವನ ದನಿ ತಗ್ಗಿತು. "ನಿಜ ಹೇಳ್ಲಾ? ಹೋಗೋಕೂ ಮನಸ್ಸಿಲ್ಲ. ನಿನ್ನೆ ನೀವು ಕನ್ನಡಕ ಎತ್ತಿ ನೋಡಿದ್ರಲ್ಲ, ಆಗಿಂದ ಹೀಗೇ. ನೀವಂದ್ರೆ ಇಷ್ಟ ಅರ್ಚನಾ."

ಊರ ಮುಂದೆ ಎಂದೂ ಬಾಗದ ಹುಡುಗಿ ಗೂಡಿನಳತೆಗೆ ತಾನೇ ಮಾಡಿದ ಬಾಗಿಲ ಮುಂದೆ ಬಾಗಿದಳು. ಒಂದನ್ನು ದಾಟಿ, ಮುಚ್ಚಿ, ಇನ್ನೊಂದನ್ನು ದಾಟಿ ಅವನ ಪಕ್ಕ ಕೂತಳು.

"ಅಬ್ಬಾ! ತಲೆ ತಗ್ಗಿಸಿದ್ರಿ!"

"ಬಾಗಿಲು ಗಿಡ್ಡ. ಅದಕ್ಕೆ."

"ಅಷ್ಟೇನಾ?"

ಅವಳು ಸುಣ್ಣನ ಬೆನ್ನು ಸವರುತ್ತಾ ಮೆಲ್ಲಗೆ ನಕ್ಕಳು.

"ಅಷ್ಟೇ ಆಗಿದ್ರೆ... ಹೊರಗೇ ನಿಂತಿರ್ತಿದ್ದೆ."