ಸಿಂಕಿಗೆ ಸುರಿದ ಟೀ

ಅಪ್ಪನ ಟೀಯನ್ನು ಇಂಚರ ಸಿಂಕಿಗೆ ಸುರಿದೇಬಿಟ್ಟಳು. ಏಲಕ್ಕಿ ಹಾಕಿದ, ಹಬೆಯಾಡುತ್ತಿದ್ದ ಇಡೀ ಲೋಟ.

"ಏನ್ ಪುಟ್ಟಿ ಇದು?" ಅಪ್ಪ ಹೆಡ್‌ಫೋನ್ ತೆಗೆದರು.

"ಪ್ರೊಟೆಸ್ಟ್." ಇಂಚರಳ ದನಿ ಗಟ್ಟಿಯಾಗಿತ್ತು. "ನನ್ನ ಡೆಸ್ಕ್ ತಗೊಳ್ಳೋವಾಗ ನನ್ನ ಯಾಕೆ ಕೇಳ್ಲಿಲ್ಲ?"

ಲಾಕ್‌ಡೌನ್ ಶುರುವಾದ ಮೇಲೆ ಮಲೇಷ್ಯಾದ ಸೈಬರ್‌ಜಯಾದಲ್ಲಿದ್ದ ಆ ಫ್ಲ್ಯಾಟೇ ಅಪ್ಪನಿಗೆ ಆಫೀಸು, ಇಂಚರಳಿಗೆ ಸ್ಕೂಲು. ಮಕ್ಕಳ ರೂಮಿನ ಕಿಟಕಿ ಪಕ್ಕದ ಡೆಸ್ಕ್ ಅಪ್ಪನ ಮೀಟಿಂಗುಗಳ ಪಾಲಾಯಿತು. ಇಂಚರ ಊಟದ ಟೇಬಲ್ಲಿಗೆ ಬಂದುಬಿದ್ದಳು. ಪಾಠದ ನಡುವೆ ಕುಕ್ಕರ್ ಕೂಗುತ್ತಿತ್ತು, ಕ್ಲಾಸೆಲ್ಲ ನಗುತ್ತಿತ್ತು. ಕೇಳಿದರೆ, "ನೀನಿನ್ನೂ ಚಿಕ್ಕೋಳು, ಅಡ್ಜಸ್ಟ್ ಮಾಡ್ಕೋ" ಎಂಬ ಉತ್ತರ. ಅಡ್ಜಸ್ಟ್ ಮಾಡಿಕೊಳ್ಳುವುದು ಯಾವಾಗಲೂ ಚಿಕ್ಕವರ ಕೆಲಸವೇ ಏಕೋ.

ಅವತ್ತು ಬೆಳಿಗ್ಗೆಯಷ್ಟೇ ಹಿಸ್ಟರಿ ಮಿಸ್ ಅಮೆರಿಕದ ಪಾಠ ಮಾಡಿದ್ದರು. ಮಲಯಾವನ್ನೂ, ಅಂದರೆ ಹಿಂದಿನ ಮಲೇಷ್ಯಾವನ್ನೂ, ಭಾರತವನ್ನೂ ಆಳಿದ ಬ್ರಿಟಿಷರೇ ಅಲ್ಲಿಯೂ ಆಳುತ್ತಿದ್ದರಂತೆ. ಜನರನ್ನು ಒಂದು ಮಾತೂ ಕೇಳದೆ ಟೀ ಮೇಲೂ ತೆರಿಗೆ ಹಾಕುತ್ತಿದ್ದರಂತೆ. ಸಿಟ್ಟೆದ್ದ ಜನ ಹಡಗು ಹತ್ತಿ ಟೀ ಪೆಟ್ಟಿಗೆಗಳನ್ನೆಲ್ಲ ಸಮುದ್ರಕ್ಕೆ ಸುರಿದರಂತೆ. "ನಾಟ್ ಫೇರ್ ಲಾ" ಎಂದು ಯಾರೋ ಚಾಟ್‌ನಲ್ಲಿ ಟೈಪ್ ಮಾಡಿದ್ದರು. ಇಂಚರಳ ಮೈಯೆಲ್ಲ ಉರಿದದ್ದು ಆಗಲೇ.

"ಅವಳು ಹೇಳೋದ್ರಲ್ಲಿ ನ್ಯಾಯ ಇದೆ ರೀ," ಎಂದರು ಅಮ್ಮ.

ಅಪ್ಪ ಖಾಲಿ ಲೋಟ ನೋಡಿದರು, ತಲೆ ಕೆರೆದುಕೊಂಡರು. "ಸರಿ. ಇನ್ಮೇಲೆ ಈ ಮನೇಲಿ ಏನೇ ಆದ್ರೂ ಕೈ ಎತ್ತಿ ತೀರ್ಮಾನ."

ಮೊದಲ ವೋಟಿಗೇ ಡೆಸ್ಕ್ ವಾಪಸ್ ಬಂತು. ಲ್ಯಾಪ್‌ಟಾಪ್ ಹೊತ್ತುಕೊಂಡು ಕುಕ್ಕರ್ ಪಕ್ಕಕ್ಕೆ ಹೋಗುವ ಸರದಿ ಈಗ ಅಪ್ಪನದು. ಇಂಚರಳಿಗೆ ಗೆದ್ದ ಹುರುಪು.

"ಇನ್ನೊಂದು. ಪೂರ್ವಿಯ ಗೊಂಬೆ ಆಸ್ಪತ್ರೆ ನಮ್ಮ ರೂಮಲ್ಲಿ ಬೇಡ. ಕ್ಲಾಸ್ ಟೈಮಲ್ಲಿ ಬರೀ ಗಲಾಟೆ."

ಮೂರು ಕೈ ಮೇಲೆದ್ದವು. ನಾಲ್ಕು ವರ್ಷದ ತಂಗಿ ಪೂರ್ವಿ ಎರಡೂ ಕೈ ಅಡ್ಡಡ್ಡ ಆಡಿಸಿದಳು. "ಬೇಡ ಅಕ್ಕ."

"ನೀನಿನ್ನೂ ಚಿಕ್ಕೋಳು. ನಿಂಗೆ ವೋಟಿಲ್ಲ."

ಮಾಸ್ಕ್ ಹಾಕಿಕೊಂಡಿದ್ದ ಗೊಂಬೆಗಳೆಲ್ಲ ಬುಟ್ಟಿ ಸೇರಿ ಹಾಲಿಗೆ ಹೋದವು.

ಮರುದಿನ ಮಿಸ್ ಪಾಠ ಮುಂದುವರಿಸಿದರು. ಆ ಜನ ಯುದ್ಧವನ್ನೇನೋ ಗೆದ್ದರು, ತಮ್ಮದೇ ಸರ್ಕಾರವನ್ನೂ ಕಟ್ಟಿದರು. ಆದರೆ ಗುಲಾಮರಿಗೆ ವೋಟು ಕೊಡಲಿಲ್ಲ. ಹೆಚ್ಚು ಕಡೆ ಹೆಂಗಸರಿಗೂ ಕೊಡಲಿಲ್ಲ, ಆಸ್ತಿ ಇಲ್ಲದವರಿಗೂ ಕೊಡಲಿಲ್ಲ.

ಎಂಥ ಜನ ಇವರು, ಅಂದುಕೊಂಡಳು ಇಂಚರ.

ಅಷ್ಟರಲ್ಲಿ ಅಡುಗೆಮನೆಯಿಂದ ಗಳಗಳ ಸದ್ದು ಕೇಳಿತು. ಮೈಕ್ ಮ್ಯೂಟ್ ಮಾಡಿ ಓಡಿದಳು. ಪೂರ್ವಿ ಸ್ಟೂಲ್ ಹತ್ತಿ ನಿಂತು, ಅಕ್ಕ ಕುಡಿಯುವ ಚಾಕೊಲೇಟ್ ಮೈಲೋದ ಮಗ್ಗನ್ನು ಸಿಂಕಿಗೆ ಬೋರಲು ಹಿಡಿದಿದ್ದಳು.

"ನನ್ನ ಯಾಕೆ ಕೇಳ್ಲಿಲ್ಲ?"

ಇಂಚರ ಬೈಯಲು ಬಾಯಿ ತೆರೆದಳು. ನಿನ್ನೆ ತಾನು ಅಪ್ಪನನ್ನು ಕೇಳಿದ್ದೂ ಇದೇ ಮಾತು.

ಹಾಲಿಗೆ ಹೋಗಿ ಗೊಂಬೆಗಳ ಬುಟ್ಟಿ ಎತ್ತಿಕೊಂಡು ಬಂದಳು.

"ಆಸ್ಪತ್ರೆ ಎಲ್ಲಿಡೋಣ? ಕೈ ಎತ್ತಿ ಹೇಳು."

ಪೂರ್ವಿ ಮೈಲೋ ಅಂಟಿದ ಕೈಯನ್ನು ಎಟುಕುವಷ್ಟು ಎತ್ತರಕ್ಕೆ ಎತ್ತಿದಳು. "ಕಿಟಕಿ ಹತ್ರ. ನಿನ್ ಡೆಸ್ಕ್ ಮೇಲೆ."

ಇಂಚರ ರೂಮಿನ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ತನ್ನ ಕೈಯನ್ನೂ ಎತ್ತಿದಳು.